ಡ್ರೈವರ್ ಇಲ್ಲದ ಕಾರು, ತಡವಾಗಿ ಬಂದ ‘ಸಾಕ್’

2023ರ ದೀಪಾವಳಿಯ ಹೊತ್ತಿಗೆ ನಾನು ದಾವಣಗೆರೆಯಲ್ಲಿ ಒಂದು ವಾಹನ ವಿಮಾ ಕಂಪನಿಯ ಕ್ಲೈಮ್ಸ್ ಎಕ್ಸಿಕ್ಯೂಟಿವ್ ಆಗಿದ್ದೆ. ಹೆಸರು ಕೇಳಲು ದೊಡ್ಡದು. ಕೆಲಸವೆಂದರೆ ಗುದ್ದಿಸಿಕೊಂಡ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಫೋಟೊ ತೆಗೆಯುವುದು, ಗಾಡಿಯವರು ಹೇಳುವ ಕಥೆ ಕೇಳುವುದು, ಕಥೆಗೂ ನೆಗ್ಗಿಗೂ ತಾಳೆಯಾಗುತ್ತದೆಯೇ ಎಂದು ವರದಿ ಬರೆಯುವುದು. ದಿನಾ ಹರಿಹರದಿಂದ ಬೈಕಿನಲ್ಲಿ ಹೋಗಿ ಬರುತ್ತಿದ್ದೆ. ಇಂಥ ಅನುಭವಗಳನ್ನು ಸಾಮಾನ್ಯವಾಗಿ ನಿವೃತ್ತರು ಬರೆಯುತ್ತಾರೆ. ನನಗೆ ಇನ್ನೂ ಮೂವತ್ತು ತುಂಬಿಲ್ಲ. ಆದರೆ ಹಬ್ಬದ ಸೀಸನ್ನಿನಲ್ಲಿ ಕ್ಲೈಮ್ಸ್ ವಿಭಾಗದಲ್ಲಿ ಕೂತವನು ಪ್ರತಿ ವರ್ಷ ಒಮ್ಮೆ ಮನಸ್ಸಿನಲ್ಲೇ ನಿವೃತ್ತನಾಗಿ, ಹಬ್ಬ ಮುಗಿದ ಸೋಮವಾರ ಮತ್ತೆ ಕೆಲಸಕ್ಕೆ ಸೇರುತ್ತಾನೆ. ಆ ಲೆಕ್ಕದಲ್ಲಿ ನಾನೂ ಹಿರಿಯನೇ.

ನನಗೊಂದು ಚಟವಿದೆ. ಯಾರದಾದರೂ ದನಿಯನ್ನು ಹತ್ತು ನಿಮಿಷ ಕೇಳಿದರೆ ಸಾಕು, ಸಂಜೆಗೆ ಅದು ನನ್ನ ಬಾಯಲ್ಲಿರುತ್ತದೆ. ನಮ್ಮ ಮ್ಯಾನೇಜರ್ ಪ್ರತಿ ವಾಕ್ಯಕ್ಕೂ ಮೊದಲು ಗಂಟಲು ಕೆರೆಯುವುದು, ಏಜೆಂಟ್ ಪರಮೇಶಣ್ಣ ಸುಳ್ಳು ಹೇಳುವಾಗ ಮಾತ್ರ ದನಿ ತಗ್ಗಿಸುವುದು, ದಾರಿ ತೋರಿಸುವ ಮೊಬೈಲಿನ ಹೆಂಗಸು ಮಂಡಿಪೇಟೆಯ ಸಂದಿಯಲ್ಲಿ ಸಿಕ್ಕಿಕೊಂಡು ಪದೇ ಪದೇ ಬಲಕ್ಕೆ ತಿರುಗಿ ಎನ್ನುವುದು, ಇವೆಲ್ಲ ಟೀ ಅಂಗಡಿಯಲ್ಲಿ ನನ್ನ ಐಟಂಗಳು. ಇದರಿಂದ ಆದ ನಷ್ಟವೆಂದರೆ ನನ್ನ ಸ್ವಂತ ದನಿ ಯಾವುದೆಂದು ಯಾರಿಗೂ ಗೊತ್ತಿಲ್ಲ. ಮನೆಗೆ ಫೋನ್ ಮಾಡಿದರೆ ನಮ್ಮವ್ವ, “ಯಾರ್ರೀ ಮಾತಾಡೋದು? ಮಂಜುನೇ ಆದ್ರೆ ನೆಟ್ಟಗೆ ಮಾತಾಡೋ ಕತ್ತಿ” ಅನ್ನುತ್ತಾಳೆ.

ಹಬ್ಬದ ಹಿಂದಿನ ಎರಡು ವಾರ ನಮ್ಮ ಆಫೀಸಿನಲ್ಲಿ ಬೇರೆಯೇ ಕಥೆಗಳು. ಬಟ್ಟೆ ಖರೀದಿಗೆ ಬಂದವರ ಕಾರಿನ ಗಾಜು ಒಡೆದು ಹಿಂದಿನ ಸೀಟಿನ ಚೀಲ ಎತ್ತಿಕೊಂಡು ಹೋಗಿರುತ್ತಾರೆ. ಗಾಜಿಗೆ ವಿಮೆ ಉಂಟು, ಚೀಲದೊಳಗಿನ ಸೀರೆಗೆ ಇಲ್ಲ ಎಂದು ನಾನು ಹೇಳಬೇಕು. “ಗಾಡಿಗೆ ಐತೆ, ಗಾಡಿಯೊಳಗಿನ ಸೀರಿಗೆ ಯಾಕಿಲ್ಲ? ಸೀರಿ ಏನು ನಡ್ಕೊಂಡು ಬಂದಿತ್ತಾ?” ಎಂದು ಒಬ್ಬ ಅಕ್ಕ ನನ್ನನ್ನು ಕೇಳಿದ್ದರು. ಎಂಜಿನ್ ಚಾಲೂ ಇಟ್ಟು ಮಗುವನ್ನು ಒಳಗೆ ಕೂರಿಸಿ ‘ಒಂದೇ ನಿಮಿಷ’ ಎಂದು ಅಂಗಡಿಯೊಳಗೆ ಹೋದವರು, ಪಾರ್ಕಿಂಗ್ ಸಿಗದೆ ಚರಂಡಿಯ ಚಪ್ಪಡಿ ಮೇಲೆ ಹತ್ತಿಸಿ ಚಪ್ಪಡಿಯ ಸಮೇತ ಇಳಿದವರು, ಹೀಗೆ ಬಗೆಬಗೆಯವರು. ಎಲ್ಲರ ಕಥೆಯಲ್ಲೂ ಒಂದು ನಾಯಿ ಅಡ್ಡ ಬಂದಿರುತ್ತದೆ. ಆ ನಾಯಿಯನ್ನೊಮ್ಮೆ ಕಣ್ಣಾರೆ ನೋಡಬೇಕೆಂಬುದು ನನ್ನ ಬಹುದಿನದ ಆಸೆ.

ಆ ವರ್ಷ ಬಂದ ಒಂದು ಕ್ಲೈಮಿನಲ್ಲಿ ನಾಯಿ ಇರಲಿಲ್ಲ. ಡ್ರೈವರೂ ಇರಲಿಲ್ಲ.

ನಮ್ಮ ಪೇಟೆಗಳ ಒಂದು ಪದ್ಧತಿಯನ್ನು ಮೊದಲು ಹೇಳಬೇಕು. ಚೌಕಿಪೇಟೆಯ ಸುತ್ತಮುತ್ತ ಕಾರು ನಿಲ್ಲಿಸಲು ಹೋದರೆ ಅಂಗಡಿಯ ಮುಂದೆ ನಿಂತವರು ಕೂಗುತ್ತಾರೆ: “ಸಾರ್, ನ್ಯೂಟ್ರಲ್‌ನಾಗ ಬಿಡ್ರಿ, ಹ್ಯಾಂಡ್‌ಬ್ರೇಕ್ ಹಾಕಬ್ಯಾಡ್ರಿ!” ಗೇರಿಗೆ ಹಾಕದೆ, ಕೈಬ್ರೇಕ್ ಎಳೆಯದೆ ಬಿಟ್ಟರೆ ಬೇರೆಯವರು ಗಾಡಿ ತೆಗೆಯುವಾಗ ನಮ್ಮ ಕಾರನ್ನು ಕೈಯಿಂದಲೇ ಅತ್ತಿತ್ತ ದೂಡಿ ದಾರಿ ಮಾಡಿಕೊಳ್ಳಬಹುದು. ಹಾಗೆ ಬಿಡುವವನು ಮರ್ಯಾದಸ್ಥ. ಬ್ರೇಕ್ ಎಳೆದು ಹೋದವನಿಗೆ ಬೀದಿಯ ಬೈಗುಳವೆಲ್ಲ ಮೀಸಲು. ಕಾರು ತಯಾರಿಸಿದವರು ಕೊಡುವ ಪುಸ್ತಕದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಬರೆದಿರುತ್ತದೆ. ಆ ಪುಸ್ತಕ ಡ್ಯಾಶ್‌ಬೋರ್ಡಿನೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿರುತ್ತದೆ.

ಎಂ.ಸಿ.ಸಿ. ಬಡಾವಣೆ ಬಿ ಬ್ಲಾಕಿನ ಸುನಂದಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುವ ಘಟಕ ನಡೆಸುವವರು. ಹಬ್ಬಕ್ಕೆ ಇನ್ನೂ ವಾರಕ್ಕಿಂತ ಹೆಚ್ಚು ದಿನವಿದ್ದ ಒಂದು ಶುಕ್ರವಾರ ಮಧ್ಯಾಹ್ನ ಲೈನಿಂಗ್ ಬಟ್ಟೆ ತರಲು ತಾವೇ ಕಾರು ಓಡಿಸಿಕೊಂಡು ಪೇಟೆಗೆ ಹೋದರು. ಒಂದು ಸೀರೆ ಅಂಗಡಿಯ ಮುಂದೆ, ಹೇಳಿದ ಹಾಗೆ ನ್ಯೂಟ್ರಲ್‌ನಲ್ಲಿ ಬಿಟ್ಟು, ಕಾರು ಲಾಕ್ ಮಾಡಿ ಪಕ್ಕದ ಸಂದಿಗೆ ಹೋದರು. ಅವರು ಹೋದ ಮೇಲೆ ಸೀರೆ ಅಂಗಡಿಯ ಮಾಲು ಇಳಿಸಿದ ಲಗೇಜ್ ಆಟೊ ಹೊರಡಬೇಕಾಯಿತು. ಯಾರೋ ಕಾರನ್ನು ಹಿಂದಕ್ಕೆ ದೂಡಿದರು. ಅಲ್ಲಿ ರಸ್ತೆ ಚರಂಡಿಯ ಕಡೆಗೆ ಇಳಿಜಾರು. ನೋಡಿದರೆ ಕಾಣದಷ್ಟು ಇಳಿಜಾರು, ಚಕ್ರಕ್ಕೆ ಮಾತ್ರ ಗೊತ್ತಾಗುತ್ತದೆ. ಕಾರು ಜನರ ಕೈ ಮೀರಿತು. ಹಿಂದೆ ಚೆಂಡುಹೂವಿನ ರಾಶಿ ಹಾಕಿಕೊಂಡು ಕೂತಿದ್ದ ಕೆಂಚಮ್ಮ, ಕೊಂಡಜ್ಜಿಯಿಂದ ಬೆಳಗಿನ ಬಸ್ಸಿಗೆ ಬಂದವಳು, ಮಂಡಿನೋವೆಂದು ಒಂದು ಕಾಲು ಚಾಚಿದ್ದಳು. ಹಿಂದಿನ ಚಕ್ರ ಆ ಕಾಲಿನ ಮೇಲೆ ಹತ್ತಿ ನಿಂತಿತು.

ಜನ ಕಾರನ್ನು ಎತ್ತಿ ಕಾಲು ಬಿಡಿಸಿದರು. ದೂಡಿದವರು ಖರೀದಿಗೆ ಬಂದವರು. ಎತ್ತಿದ ಮೇಲೆ ಗುಂಪಿನಲ್ಲಿ ಕರಗಿಹೋದರು. ಗದ್ದಲ ಕೇಳಿ ಓಡಿಬಂದ ಸುನಂದಕ್ಕ ಬಟ್ಟೆಯ ಗಂಟನ್ನು ಅಲ್ಲೇ ಬಿಟ್ಟು, ಆಟೊದಲ್ಲಿ ಕೆಂಚಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಕರೆದೊಯ್ದರು. ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದಿದ್ದವು. ಆಪರೇಷನ್ ಆಗಿ ರಾಡ್ ಹಾಕಿದರು. ಸಂಜೆ ಕೆಂಚಮ್ಮನ ಅಳಿಯ ಪೊಲೀಸರಿಗೆ ದೂರು ಕೊಟ್ಟ.

ಫೈಲು ನನ್ನ ಮೇಜಿಗೆ ಬರುವ ಮೊದಲೇ ಏಜೆಂಟ್ ಪರಮೇಶಣ್ಣ ಸುನಂದಕ್ಕನ ಮನೆ ಸೇರಿದ್ದರು. ನಾನು ಹೋದಾಗ ಅವರು ಕ್ಲೈಮ್ ಅರ್ಜಿ ತುಂಬುತ್ತಿದ್ದರು. ಅದರಲ್ಲೊಂದು ಕಾಲಂ ಇದೆ: ಅಪಘಾತದ ವೇಳೆ ವಾಹನ ಚಲಾಯಿಸುತ್ತಿದ್ದವರ ಹೆಸರು. ಪರಮೇಶಣ್ಣ ಅಲ್ಲಿ ಸುನಂದಕ್ಕನ ಅಣ್ಣನ ಮಗ ಕಿರಣನ ಹೆಸರು ಬರೆದಿದ್ದರು.

“ನೋಡಕ್ಕ,” ಎಂದು ಅವರು ದನಿ ತಗ್ಗಿಸಿದಾಗಲೇ ನನಗೆ ಗೊತ್ತಾಯಿತು. “ಡ್ರೈವರ್ ಇಲ್ದ ಗಾಡಿಗೆ ಯಾವ ಕಂಪನಿ ಕೊಡ್ತೈತೆ? ಕಿರಣಗ ಲೈಸೆನ್ಸ್ ಐತೆ. ರಿವರ್ಸ್ ತಗೋವಾಗ ಆತು ಅಂತ ಬರದ್ರೆ ಆ ಕೆಂಚಮ್ಮಗೂ ನಾಕು ಕಾಸು ಹುಟ್ತೈತೆ. ಇಲ್ಲಾಂದ್ರೆ ಆಕಿಗೂ ಇಲ್ಲ, ನಿಮಗೂ ಇಲ್ಲ.”

“ಕಿರಣ ಅವತ್ತು ಊರಾಗೇ ಇರಲಿಲ್ಲ ಪರಮೇಶಣ್ಣ. ಮಾಯಕೊಂಡದಾಗ ಇದ್ದ.”

“ಇರಲಿಲ್ಲ ಅಂತ ಯಾರಿಗೆ ಗೊತ್ತು?”

“ಕೆಂಚಮ್ಮಗ ಗೊತ್ತು,” ಅಂದರು ಸುನಂದಕ್ಕ. ಹೊಲಿಗೆ ಯಂತ್ರದ ಮೇಲಿನ ಕೈ ತೆಗೆಯಲಿಲ್ಲ, ಅರ್ಜಿಗೆ ಸಹಿಯನ್ನೂ ಹಾಕಲಿಲ್ಲ.

ಪರಮೇಶಣ್ಣ ಕೆಟ್ಟವರಲ್ಲ. ಅವರ ಮಟ್ಟಿಗೆ ಅದು ಉಪಕಾರದ ಸುಳ್ಳು. ಆದರೆ ಅದು ಎಲ್ಲಿಗೆ ಮುಟ್ಟುತ್ತದೆಂದು ನನಗೆ ಗೊತ್ತಿತ್ತು. ನಮ್ಮ ಭಾಷೆಯಲ್ಲಿ ಕೆಂಚಮ್ಮ ‘ಥರ್ಡ್ ಪಾರ್ಟಿ’. ವಿಮೆ ಮಾಡಿಸಿದವರು ಒಬ್ಬರು, ಮಾಡಿದ ಕಂಪನಿ ಇನ್ನೊಂದು, ಈ ಇಬ್ಬರ ನಡುವಿನ ಒಪ್ಪಂದದ ಹೊರಗಿದ್ದೂ ಗಾಡಿಯಿಂದ ಪೆಟ್ಟು ತಿಂದವರು ಮೂರನೆಯವರು. ಅವರ ಪರಿಹಾರವನ್ನು ತೀರ್ಮಾನಿಸುವುದು ನ್ಯಾಯಮಂಡಳಿ. ಕೆಂಚಮ್ಮ ಆಗಲೇ ಪೊಲೀಸರ ಮುಂದೆ ‘ಕಾರೊಳಗ ಯಾರೂ ಇರಲಿಲ್ಲ’ ಅಂದಿದ್ದಳು. ಈಗ ಅರ್ಜಿಯಲ್ಲಿ ಕಿರಣ ಕೂತರೆ, ಒಂದೇ ಅಪಘಾತಕ್ಕೆ ಎರಡು ಕಥೆ. ಆ ಎರಡರ ನಡುವೆ ವಕೀಲರು ವರ್ಷಗಟ್ಟಲೆ ಓಡಾಡುತ್ತಾರೆ, ಕೆಂಚಮ್ಮ ಓಡಾಡಲಾರಳು.

ಆಫೀಸಿಗೆ ಬಂದು ಮ್ಯಾನೇಜರಿಗೆ ಹೇಳಿದೆ. ಮೇಜಿನ ಮೇಲೆ ಹಬ್ಬದ ಫೈಲುಗಳ ಗೋಪುರವಿತ್ತು. ಅವರು ಗಂಟಲು ಕೆರೆದು, “ಎರಡು ಕಥೆ ಐತೆ ಅಂದ್ರೆ ನಮಗೆ ಈಜಿ ಅಲ್ಲೇನೋ ಮಂಜು? ಹೇಳಿಕೆ ತಾಳೆ ಆಗಲ್ಲ, ಅನುಮಾನಾಸ್ಪದ ಅಂತ ಬರದು ಲೀಗಲ್‌ಗೆ ಹಾಕು. ನಿನ್ನ ತಲಿಬ್ಯಾನಿ ಅಲ್ಲ” ಅಂದರು.

ಅವರ ಮೇಲೂ ನನಗೆ ಸಿಟ್ಟು ಬರಲಿಲ್ಲ. ಅವರು ಸುಸ್ತಾಗಿದ್ದರು, ನಾನೂ ಸುಸ್ತಾಗಿದ್ದೆ. ಬೆಳಗಿನಿಂದ ಮೂರು ಕಡೆ ಆ ಕಾಣದ ನಾಯಿಯ ಬಗ್ಗೆ ಬರೆದುಕೊಂಡಿದ್ದೆ. ನಿಜ ಹೇಳಬೇಕೆಂದರೆ ‘ಅನುಮಾನಾಸ್ಪದ’ ಎಂದು ಟೈಪ್ ಮಾಡಲು ಕೂತೆ. ಆದರೆ ಗಾಯಾಳುವಿನ ಹೇಳಿಕೆ ಇಲ್ಲದೆ ವರದಿ ಮೇಲೆ ಹೋಗುವುದಿಲ್ಲ. ಅದೊಂದು ಮುಗಿಸಿಬಿಡೋಣ ಎಂದು ಆಸ್ಪತ್ರೆಗೆ ಹೋದೆ.

ಮೂಳೆ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಕೆಂಚಮ್ಮ ಮಲಗಿದ್ದಳು. ಕಾಲು ದಿಂಬಿನ ಮೇಲೆ. ಸುನಂದಕ್ಕ ತಂದಿಟ್ಟ ಊಟದ ಡಬ್ಬಿ ಪಕ್ಕದಲ್ಲಿತ್ತು. ವಿಮಾ ಕಂಪನಿಯವನು ಎಂದೆ.

“ಬಾ ತಮ್ಮ, ಕೂಡು. ನೀನೂ ಫೋಟೊ ಹೊಡಿಯಾಕೆ ಬಂದೇನು? ನಮ್ಮೂರಿನ ಕೆರಿ ನೋಡಾಕೂ ಇಷ್ಟು ಜನ ಬಂದು ಫೋಟೊ ಹೊಡ್ದಿಲ್ಲ, ನನ್ನ ಕಾಲಿಗೆ ಬಂತು ನೋಡು ಯೋಗ.”

ಏನಾಯಿತು ಎಂದು ಕೇಳಿದೆ. “ಹೂ ಪೋಣಸ್ತಿದ್ದೆ. ಕಣ್ಣು ಸೂಜಿ ಮ್ಯಾಲಿತ್ತು. ದೂಡೋರು ಕಾಣಲಿಲ್ಲ. ದನಿ ಮಾತ್ರ ಕೇಳ್ತಿತ್ತು.”

“ಏನಂತ?”

ಆಗ ಕೆಂಚಮ್ಮ ಮಲಗಿದ್ದಲ್ಲೇ ಕತ್ತು ಸ್ವಲ್ಪ ಎತ್ತಿ, ಮೂಗಿನಲ್ಲಿ ಶುರುಮಾಡಿ ಗಂಟಲಲ್ಲಿ ಮುಗಿಸುತ್ತ, ಒಂದು ಗಂಡಸಿನ ದನಿ ತೆಗೆದಳು: “ಬರ್ಲಿ ಬರ್ಲಿ ಬರ್ಲಿ ಬರ್ಲೀ... ಇನ್ನಷ್ಟು ಬರ್ಲೀ...” ಪಕ್ಕದ ಮಂಚದವರು ತಿರುಗಿ ನೋಡಿದರು. ನಾನು ಪೆನ್ನು ಹಿಡಿದುಕೊಂಡು ಹಾಗೇ ಕೂತೆ. ಈ ಊರಿನಲ್ಲಿ ದನಿ ತೆಗೆಯುವವನು ನಾನೊಬ್ಬನೇ ಎಂದುಕೊಂಡಿದ್ದೆ. ಮುರಿದ ಕಾಲಿಟ್ಟುಕೊಂಡು ಈ ಹೆಂಗಸು ನನಗಿಂತ ಚೆಂದ ತೆಗೆದಿದ್ದಳು.

“ದನಿ ಚಲೋ ಐತಪ್ಪ ಆ ಮನುಷ್ಯಂದು,” ಅಂದಳು. “ವರ್ಷಾ ಹಬ್ಬಕ್ಕೂ ಕೇಳ್ತೀನಿ. ಅವತ್ತು ಸಾಕ್ ಅನ್ನೋದೊಂದು ತಡ ಆತು.”

ಬಯ್ಯುವ ದನಿಯಲ್ಲಿ ಅಂದಿದ್ದರೆ ಬರೆದುಕೊಂಡು ಎದ್ದು ಬರುತ್ತಿದ್ದೆ. ಬಸ್ಸು ತಡವಾಯಿತು ಅನ್ನುವ ಹಾಗೆ ಅಂದಳು. ಆ ಸಂಜೆ ಆಫೀಸಿಗೆ ಹೋಗಲಿಲ್ಲ. ಆ ದನಿಯನ್ನು ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಅಭ್ಯಾಸ ಮಾಡುತ್ತ ಪೇಟೆಗೆ ಹೋದೆ. ದೂಡಿಸಿದವನು ಸಿಕ್ಕರೆ ಕಾರಿನಲ್ಲಿ ಡ್ರೈವರ್ ಇರಲಿಲ್ಲ ಎನ್ನಲು ಒಬ್ಬ ಸಾಕ್ಷಿ ಸಿಕ್ಕಂತೆ. ಆಗ ಕಥೆ ಒಂದೇ ಆಗುತ್ತದೆ.

ಸೀರೆ ಅಂಗಡಿಯ ಮಾಲೀಕರು ಮಾತಿಗೆ ಮುಂಚೆಯೇ ಕೈ ಅಲ್ಲಾಡಿಸಿದರು. “ನಮ್ಮ ಅಂಗಡಿ ಮುಂದೆ ಏನೂ ಆಗಿಲ್ರಿ. ಆಗಿದ್ರೂ ನಮ್ಮೋರು ಯಾರೂ ಮುಟ್ಟಿಲ್ಲ. ಹಬ್ಬದ ಟೈಮ್‌ನಾಗ ತಲಿ ತಿನ್ನಬ್ಯಾಡ್ರಿ.” ಕ್ಯಾಮೆರಾ ಇದೆಯಲ್ಲ ಎಂದೆ. ಒಳಗಿನದು ಸೀರೆಗಳನ್ನು ಕಾಯುತ್ತಿತ್ತು. ಹೊರಗಿನದಕ್ಕೆ ಹಬ್ಬದ ಸೀರಿಯಲ್ ಲೈಟಿನ ಸರ ಅಡ್ಡ ಕಟ್ಟಿದ್ದರು. ಅದರಲ್ಲಿ ಮಿನುಗುವ ಬಣ್ಣ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಎದುರಿನ ಟೀ ಅಂಗಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ನಿಂತೆ. ಆಮೇಲೆ ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹೊರತೆಗೆದೆ. ಕತ್ತು ಎತ್ತಿ, ಮೂಗಿನಿಂದ ಶುರುಮಾಡಿ ಕೂಗಿದೆ: “ಬರ್ಲಿ ಬರ್ಲಿ ಬರ್ಲಿ ಬರ್ಲೀ...”

ಟೀ ಅಂಗಡಿಯವನು ಸೌಟು ಹಿಡಿದು ನಕ್ಕ. “ಏ, ನಮ್ಮ ರುದ್ರೇಶಣ್ಣನ್ನ ಹಂಗೇ ಇಳಿಸಿಬಿಟ್ಟೆಲ್ಲೋ ಮಾರಾಯ!” ಸುತ್ತಲಿನ ನಾಲ್ಕು ಜನ ನಕ್ಕರು. ನಾನೂ ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಬೀದಿಯಲ್ಲಿ ನಿಂತಿದ್ದ ಒಂದು ಬಿಳಿ ಕಾರು, ನನ್ನ ಕೂಗನ್ನು ನಂಬಿ, ಮೆಲ್ಲಗೆ ಹಿಂದಕ್ಕೆ ಬರತೊಡಗಿತು. ಅದರ ಹಿಂದೆ ಒಬ್ಬ ಹೆಂಗಸು ಎರಡೂ ಕೈಯಲ್ಲಿ ಚೀಲ ಹಿಡಿದು ದೀಪದ ಸರ ನೋಡುತ್ತ ನಿಂತಿದ್ದಳು.

“ಸಾಕ್! ಸಾಕ್! ಸಾಕ್!” ಎಂದು ಕಿರುಚಿದೆ. ಕಾರು ನಿಂತಿತು. ಅದು ಯಾರ ದನಿಯೂ ಆಗಿರಲಿಲ್ಲ. ನಮ್ಮವ್ವ ಕೇಳಿದ್ದರೆ ಗುರುತು ಹಿಡಿಯುತ್ತಿದ್ದಳು.

ಸೀರೆ ಅಂಗಡಿಯ ಮೆಟ್ಟಿಲಿನಿಂದ ಒಬ್ಬ ಇಳಿದು ಬಂದ. ನಲವತ್ತರ ಆಸುಪಾಸು, ನೀಲಿ ಅಂಗಿ, ಕೊರಳಲ್ಲಿ ಹೊಸ ವಿಷಲ್. ಅಂಗಡಿಯ ಮುಂದೆ ಗಾಡಿ ನಿಲ್ಲಿಸುವ ಉಸ್ತುವಾರಿ ರುದ್ರೇಶಣ್ಣ.

“ಯಾರಪ್ಪ ನೀನು? ನನ್ನ ದನಿ ನಿನಗೆಲ್ಲಿ ಸಿಕ್ತು?”

“ಕೆಂಚಮ್ಮ ಕೊಟ್ಟಳು” ಎಂದೆ.

ಅವನು ಬಂದು ಟೀ ಅಂಗಡಿಯ ಬೆಂಚಿನ ತುದಿಯಲ್ಲಿ ಕೂತ. ಅಂದಿನಿಂದ ಅವನು ಬಾಯಿಬಿಟ್ಟು ಕೂಗಿಲ್ಲ, ವಿಷಲ್ ಊದುತ್ತಾನಷ್ಟೆ ಎಂದು ಟೀಯವನು ನನ್ನ ಕಿವಿಯಲ್ಲಿ ಹೇಳಿದ. ನಗುತ್ತಿದ್ದವರು ತಮ್ಮ ತಮ್ಮ ಲೋಟ ನೋಡಿಕೊಂಡರು.

“ನನ್ನ ಕಣ್ಣೆಲ್ಲ ಮುಂದ ಇತ್ರಿ,” ಅಂದ ರುದ್ರೇಶಣ್ಣ. “ಲಗೇಜ್ ಆಟೊ ಹೊರಗ ಹೋಗಾಕೆ ಜಾಗ ಆತೋ ಇಲ್ಲೋ ಅಂತ ಅದನ್ನೇ ನೋಡ್ತಿದ್ದೆ. ಹಿಂದ ಆ ಯವ್ವ ಕೂತಿದ್ದು ನೋಡ್ಲೇ ಇಲ್ಲ. ದೂಡೋರು ನನ್ನ ದನಿ ನಂಬಿದ್ರು. ನಾನು ಯಾರನ್ನ ನಂಬಿದ್ನೋ ಗೊತ್ತಿಲ್ಲ.”

“ಇದನ್ನೇ ಹೇಳಿಕೆ ಕೊಡ್ತೀರಾ? ಕಾರೊಳಗೆ ಯಾರೂ ಇರಲಿಲ್ಲ ಅಂತ.”

“ಕೊಟ್ರೆ ಕೆಲಸ ಹೋಗ್ತೈತ್ರಿ. ಹಬ್ಬಕ್ಕೆ ಮಕ್ಕಳಿಗೆ ಬಟ್ಟಿ ತಂದಿಲ್ಲ ಇನ್ನಾ.” ವಿಷಲ್ಲಿನ ದಾರ ತಿರುವಿದ. “ಆ ಯವ್ವ ಬೈದಳಾ?”

“ಇಲ್ಲ. ದನಿ ಚಲೋ ಐತೆ ಅಂದಳು. ಸಾಕ್ ಅನ್ನೋದು ತಡ ಆತು ಅಂದಳು.”

ಅವನು ಎದ್ದು ಮೆಟ್ಟಿಲು ಹತ್ತಿ ಹೋದ. ಕೆಲಸ ಕೆಟ್ಟಿತು ಎಂದುಕೊಂಡು ಹರಿಹರಕ್ಕೆ ಬಂದು ಮಲಗಿದೆ.

ಮರುದಿನ ಮಧ್ಯಾಹ್ನ ಸುನಂದಕ್ಕ ಫೋನ್ ಮಾಡಿದರು. “ಬೇಗ ಬಾರಪ್ಪ. ಇಲ್ಲೊಬ್ಬರು ಬಂದು ವಾರ್ಡಿನ ಬಾಗಿಲಾಗ ನಿಂತಾರೆ. ಒಳಗೂ ಬರವಲ್ಲರು, ಹೊರಗೂ ಹೋಗವಲ್ಲರು.” ಹೋಗಿ ನೋಡಿದರೆ ರುದ್ರೇಶಣ್ಣ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

ಕೆಂಚಮ್ಮ ಮಲಗಿದ್ದಲ್ಲಿಂದಲೇ ಅವನನ್ನು ನೋಡಿದಳು. ಮುಖ ಗುರುತಿತ್ತೋ ಇಲ್ಲವೋ. ಅವನು ಹೊಸ್ತಿಲಲ್ಲಿ ಒಂದು ಹೆಜ್ಜೆ ಮುಂದಿಟ್ಟು ನಿಂತ.

“ಬರ್ಲಿ ಬರ್ಲಿ,” ಅಂದಳು ಕೆಂಚಮ್ಮ, ಅವನದೇ ದನಿಯಲ್ಲಿ. “ಇನ್ನಷ್ಟು ಬರ್ಲಿ.”

ರುದ್ರೇಶಣ್ಣ ಮಂಚದ ಹತ್ತಿರ ಹೋದವನು ಅವಳ ಒಳ್ಳೆಯ ಕಾಲು ಮುಟ್ಟಿ ಅತ್ತುಬಿಟ್ಟ. ನಾನು ಕಿಟಕಿಯ ಕಡೆ ತಿರುಗಿ, ಹೊರಗೆ ಯಾರಾದರೂ ಅಪಘಾತ ಮಾಡುತ್ತಾರೇನೋ ಎಂದು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಅವನು ಹೇಳಿಕೆ ಕೊಟ್ಟ. ನನಗೂ ಕೊಟ್ಟ, ಪೊಲೀಸರಿಗೂ ಕೊಟ್ಟ. ಸುನಂದಕ್ಕ ಪರಮೇಶಣ್ಣ ಬರೆದ ಅರ್ಜಿಯನ್ನು ಹರಿದು ಹೊಸದರಲ್ಲಿ ಡ್ರೈವರ್ ಕಾಲಮ್ಮಿನ ಮುಂದೆ ‘ಯಾರೂ ಇರಲಿಲ್ಲ, ನ್ಯೂಟ್ರಲ್‌ನಲ್ಲಿ ಬಿಟ್ಟವಳು ನಾನು’ ಎಂದು ಬರೆದು ಸಹಿ ಹಾಕಿದರು. ಮ್ಯಾನೇಜರ್ ಅದನ್ನು ಓದಿ ಗಂಟಲು ಕೆರೆಯುವುದನ್ನೂ ಮರೆತರು. “ಏನಪ್ಪ ಇದು? ಇಂಥ ಫಾರಂ ನನ್ನ ಸರ್ವೀಸ್‌ನಾಗೇ ನೋಡಿಲ್ಲ” ಎಂದು ಲೀಗಲ್ ವಿಭಾಗಕ್ಕೆ ಕಳಿಸಿದರು. ಅಲ್ಲಿಂದ ಬಂದ ಉತ್ತರವನ್ನು ಸರಳವಾಗಿ ಹೇಳುವುದಾದರೆ ಹೀಗೆ: ಗಾಡಿ ಓಡುತ್ತಲೇ ಇರಬೇಕೆಂದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸಿದ ಗಾಡಿಯೂ ಬಳಕೆಯಲ್ಲಿರುವ ಗಾಡಿಯೇ. ಅದನ್ನು ನಿಲ್ಲಿಸಿದ ರೀತಿಯಿಂದ ಒಬ್ಬರಿಗೆ ಪೆಟ್ಟಾದರೆ ಥರ್ಡ್ ಪಾರ್ಟಿ ವಿಮೆ ಅವರಿಗೆ ಸಲ್ಲುತ್ತದೆ. ಪರಮೇಶಣ್ಣನ ಅಷ್ಟು ಅನುಭವಕ್ಕೂ ಇದು ಗೊತ್ತಿರಲಿಲ್ಲ. ನನಗೂ ಇರಲಿಲ್ಲವೆಂಬುದನ್ನು ಅವರಿಗೆ ಹೇಳಲು ಹೋಗಲಿಲ್ಲ.

ಕಥೆ ಒಂದೇ ಇದ್ದದ್ದರಿಂದ ವಕೀಲರಿಗೆ ಓಡಾಡಲು ಜಾಗ ಸಿಗಲಿಲ್ಲ. ಮುಂದಿನ ವರ್ಷ ಲೋಕ ಅದಾಲತ್‌ನಲ್ಲಿ ಎರಡೂ ಕಡೆಯವರು ಒಪ್ಪಿ ಪರಿಹಾರ ತೀರ್ಮಾನವಾಯಿತು. ಕೆಂಚಮ್ಮನ ಕಾಲು ಮೊದಲಿನಂತೆ ಆಗಲಿಲ್ಲ, ಕೋಲು ಬಂತು. ಸೀರೆ ಅಂಗಡಿಯ ಮಾಲೀಕರು ರುದ್ರೇಶಣ್ಣನನ್ನು ಕೆಲಸದಿಂದ ತೆಗೆಯುತ್ತೇನೆಂದು ಕೂಗಾಡಿದರಂತೆ. ಆದರೆ ಹಬ್ಬದ ಜಂಗುಳಿಯಲ್ಲಿ ಅವನಿಲ್ಲದೆ ಒಂದು ಗಾಡಿಯೂ ನೆಟ್ಟಗೆ ನಿಲ್ಲುವುದಿಲ್ಲವೆಂದು ಗೊತ್ತಾಗಿ ಹಬ್ಬ ಮುಗಿಯಲಿ ಅಂದರು. ಹಬ್ಬ ಮುಗಿದ ಮೇಲೆ ಮದುವೆ ಸೀಸನ್ ಬಂತು.

ಈ ಕೆಲಸ ನನಗೆ ಕಲಿಸಿದ್ದೇನು ಎಂದು ಕೇಳಿದರೆ, ಪೇಟೆಯಲ್ಲಿ ಕೈಬ್ರೇಕ್ ಎಳೆಯಿರಿ, ಗೇರಿಗೆ ಹಾಕಿ, ನಾಲ್ಕು ಜನ ಬೈದರೆ ಬೈಸಿಕೊಳ್ಳಿ ಎಂದು ಹೇಳಬಹುದು. ಹೇಳುತ್ತಲೂ ಇದ್ದೇನೆ. ಯಾರೂ ಕೇಳುವುದಿಲ್ಲ. ಕಳೆದ ದೀಪಾವಳಿಯಲ್ಲೂ ಆ ಬೀದಿಯ ಕಾರುಗಳೆಲ್ಲ ನ್ಯೂಟ್ರಲ್‌ನಲ್ಲೇ ನಿಂತಿದ್ದವು, ನನ್ನ ಮೇಜಿನ ಮೇಲೆ ಅದೇ ಫೈಲುಗಳ ಗೋಪುರ, ಫೈಲುಗಳಲ್ಲಿ ಅದೇ ನಾಯಿ. ಟೀ ಅಂಗಡಿಯಲ್ಲಿ ಗೆಳೆಯರು ರುದ್ರೇಶಣ್ಣನ ದನಿ ತೆಗಿ ಅನ್ನುತ್ತಾರೆ. ಆ ಐಟಂ ಒಂದನ್ನು ಕೈಬಿಟ್ಟಿದ್ದೇನೆ. ಬಾಯಿಂದ ಹೊರಟ ದನಿಯನ್ನು ನಂಬಿ ಒಂದು ಗಾಡಿ ಹಿಂದಕ್ಕೆ ಬರುತ್ತದೆಂದು ಒಮ್ಮೆ ನೋಡಿದವನಿಗೆ ಸಾಕು.

ಅದೇ ಹಬ್ಬಕ್ಕೆ ಹೂ ತರಲೆಂದು ಅಲ್ಲಿಗೆ ಹೋಗಿದ್ದೆ. ಕೆಂಚಮ್ಮ ಈಗ ಸೀರೆ ಅಂಗಡಿಯ ಮೆಟ್ಟಿಲ ಮೇಲೆಯೇ, ರುದ್ರೇಶಣ್ಣನ ಪಕ್ಕದಲ್ಲಿ, ಚೆಂಡುಹೂ ಹಾಕಿಕೊಂಡು ಕೂರುತ್ತಾಳೆ. ಮಾಲೀಕರು ಗೊಣಗುತ್ತಾರಂತೆ, ಎಬ್ಬಿಸುವುದಿಲ್ಲ. ರುದ್ರೇಶಣ್ಣನ ಕೊರಳಲ್ಲಿ ವಿಷಲ್ ಇರಲಿಲ್ಲ. ಒಂದು ದೊಡ್ಡ ಕಾರು ಬಂತು. ಅವನು ಮೊದಲು ಅದರ ಹಿಂದಕ್ಕೆ ಹೋಗಿ, ಬಗ್ಗಿ ನೋಡಿ, ವಾಪಸ್ ಬಂದು ಕತ್ತು ಎತ್ತಿದ. “ಬರ್ಲಿ ಬರ್ಲಿ ಬರ್ಲೀ... ಸಾಕ್!”

ಕಾರಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿ ರೇಗಿದ. “ಏನಯ್ಯ, ಹಿಂದೆ ಇನ್ನೂ ಅಷ್ಟು ಜಾಗ ಐತಲ್ಲ!”

“ಐತ್ರಿ,” ಅಂದ ರುದ್ರೇಶಣ್ಣ. “ಇರ್ಲಿ ಬಿಡ್ರಿ.”